ದೂರದ ಪೆಟ್ಟಿಗೆಯಲ್ಲೊಂದು ಮೂಲೆ

"ಮತ್ತೆ ನಿಂತೋಯ್ತು ಕಣೋ ಮೈಕಣ್ಣ! ಕೊನೇ ಅಂಕ ಬರೋ ಹೊತ್ತಿಗೆ ಸರಿಯಾಗಿ ಕೈ ಕೊಡ್ತು ನಿನ್ನ ಕಂಪ್ಯೂಟರ್ರು," ಎಂದು ಹಳೆಯ ನಾಟಕ ತಂಡದ ಲೈಟಿನವನು ಫೋನಿನಲ್ಲಿ ರೇಗುತ್ತಿದ್ದ. ಮೈಕಣ್ಣ ತಿರುಗಿ ನೋಡಿದ. ಕಂಪ್ಯೂಟರಿನ ಪ್ಲಗ್ಗು ಕಿತ್ತು, ಆ ಜಾಗದಲ್ಲಿ ಸೊಸೆ ಇಸ್ತ್ರಿಪೆಟ್ಟಿಗೆ ಹಾಕಿದ್ದಳು.

ಆ ತಂಡಕ್ಕೆ ಅರ್ಧ ಆಯುಷ್ಯ ಮೈಕು ಕಟ್ಟಿದವನು ಅವನು. ತಂಡ ಚೆದುರಿ ಊರಿಗೊಬ್ಬರಾಗಿದ್ದರು. ಆಡಿದ್ದೆಲ್ಲ ಅವನ ಕ್ಯಾಸೆಟ್ಟುಗಳಲ್ಲಿ ಉಳಿದಿತ್ತು. ಈಗ ಅವನ್ನು ಕಂಪ್ಯೂಟರಿಗಿಳಿಸಿ, ಹೊರಗಿನವರ ಕೈಗೆ ಸಿಗದ ಹಾಗೆ, ತಂಡದವರಿಗಷ್ಟೇ, ಒಬ್ಬರ ಕಂಪ್ಯೂಟರಿನಿಂದ ಇನ್ನೊಬ್ಬರದಕ್ಕೆ ನೇರವಾಗಿ ಫೈಲು ಸಾಗಿಸುವ ಟೊರೆಂಟಿನಲ್ಲಿ ಹಂಚಲು ಕೂತಿದ್ದ. ಮನೆಯ ಕಂಪ್ಯೂಟರು ಆರಿದರೆ ಹಂಚಿಕೆಯೂ ಆರುತ್ತಿತ್ತು.

"ಒಂದು ಸೀಡ್‌ಬಾಕ್ಸ್ ಬಾಡಿಗೆಗೆ ತಗೊಳ್ಳಿ ಮಾವ," ಎಂದಳು ಸೊಸೆ, ಅಂಗಿಯ ಕಾಲರು ಒತ್ತುತ್ತಾ. "ದೂರದಲ್ಲಿ ಯಾರದೋ ಕಟ್ಟಡದಲ್ಲಿ ಹಗಲೂರಾತ್ರಿ ಓಡೋ ಕಂಪ್ಯೂಟರು ಅದು. ಅದರಲ್ಲಿ ನಮಗೊಂದು ಮೂಲೆ ಕೊಡ್ತಾರೆ. ಒಂದ್ಸಲ ಏರಿಸಿಟ್ರೆ ಬೇಕಾದವರು ಬೇಕಾದಾಗ ಇಳಿಸ್ಕೋತಾರೆ. ನಾನೂ ನೆಮ್ಮದಿಯಾಗಿ ಇಸ್ತ್ರಿ ಮಾಡ್ಕೋತೀನಿ."

"ನಮ್ಮ ಸಾಮಾನು ಕಂಡೋರ ಅಟ್ಟದ ಮೇಲಾ?"

"ಬೀಗದಕೈ ನಿಮ್ಮ ಹತ್ರನೇ ಇರತ್ತಲ್ಲ."

ಸೊಸೆ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಸಣ್ಣಕ್ಷರ ಓದದೆ ಏನನ್ನೂ ಕೊಳ್ಳುತ್ತಿರಲಿಲ್ಲ. ಸೀಡ್‌ಬಾಕ್ಸ್ ಬಾಡಿಗೆಗೆ ಕೊಡುವವರಲ್ಲಿ ಎಲ್ಲರಿಗಿಂತ ಅಗ್ಗದವನು "ಮಿತಿಯೇ ಇಲ್ಲ" ಎಂದು ಕೂಗುತ್ತಿದ್ದ, ಆದರೆ ವರ್ಷದ ಬಾಡಿಗೆ ಒಟ್ಟಿಗೇ ಕೇಳುತ್ತಿದ್ದ. "ಹಳೇ ನಾಟಕದ ಧ್ವನಿ ಇಡೋಕೆ ಯಾವ್ದು ಸಾಕು ಅಂತ ಇವರಿಗೆಲ್ಲ ಒಂದೇ ಪ್ರಶ್ನೆ ಕಳಿಸಿ ನೋಡೋಣ. ದುಡ್ಡು ಕೊಡೋಕೆ ಮುಂಚೆನೇ ಬಾಯಿ ಬಿಡದವನು ಕೊಟ್ಮೇಲೆ ಬಿಡ್ತಾನಾ?" ಎಂದಳು. ಅಗ್ಗದವನು ಉತ್ತರಿಸಲೇ ಇಲ್ಲ. ಇನ್ನೊಬ್ಬ ಅಚ್ಚು ಹಾಕಿಟ್ಟ ಮಾತು ಕಳಿಸಿದ. ಮತ್ತೊಂದು ಕಡೆಯಿಂದ ಮಾತ್ರ ಮನುಷ್ಯನೊಬ್ಬ ಬರೆದಿದ್ದ: ಬರೀ ಧ್ವನಿಯಾದರೆ ಎಲ್ಲಕ್ಕಿಂತ ಚಿಕ್ಕದು ಸಾಕು, ಒಂದು ತಿಂಗಳು ನೋಡಿ, ಹಿಡಿಸದಿದ್ದರೆ ಬಿಡಿ.

ಅದನ್ನೇ ಬಾಡಿಗೆಗೆ ತೆಗೆದುಕೊಂಡರು. ಆದರೆ ಆ ಚಿಕ್ಕದರಲ್ಲಿ ಎಲ್ಲ ನಾಟಕಗಳೂ ಹಿಡಿಯುತ್ತಿರಲಿಲ್ಲ. ಫೈಲುಗಳನ್ನು ಕುಗ್ಗಿಸೋಣವೆಂದಳು ಸೊಸೆ. "ಹಿಂಡಿದ್ರೆ ಉಸಿರೇ ಹೋಗತ್ತೆ," ಎಂದು ಮೈಕಣ್ಣ ಒಪ್ಪಲಿಲ್ಲ. "ಮೊದ್ಲು ರಾಣಿಯಕ್ಕನ ಪಾರ್ಟ್ ಇರೋವು ಹಾಕೋಣ."

ರಾಣಿಯ ಪಾತ್ರಗಳನ್ನೇ ಮಾಡಿ ಆ ಹೆಸರು ಪಡೆದವಳು ರಾಣಿಯಕ್ಕ. ಹೋದ ವರ್ಷ ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ಅವಳ ದನಿ ಪೂರ್ತಿ ಹೋಗಿತ್ತು. ಈ ಉಸಾಬರಿಗೆಲ್ಲ ಅದೇ ಕಾರಣವೆಂದು ಮೈಕಣ್ಣ ಯಾರಿಗೂ ಹೇಳಿರಲಿಲ್ಲ. ಹಾಕಬಹುದೇ ಎಂದು ಅವಳಿಗೆ ಮೆಸೇಜು ಮಾಡಿದ. ಸಂಜೆ ಉತ್ತರ ಬಂತು.

"ನಾಟಕ ಬೇಡ ಮೈಕಣ್ಣ. ಅದು ರಾಣಿ ದನಿ. ನಾನು ಸುಮ್ನೆ ಮಾತಾಡಿದ್ದು ಏನಾದ್ರೂ ಇದ್ಯಾ? ಇದ್ರೆ ನನಗೊಬ್ಬಳಿಗೇ ಕೊಡು."

ಅವನು ಪೆಚ್ಚಾದ. ಪರದೆ ಏಳುವ ಮುಂಚಿನದನ್ನೆಲ್ಲ ಕಸವೆಂದು ಕತ್ತರಿಸಿ ಎಸೆಯುವುದು ಅವನ ಶಿಸ್ತಾಗಿತ್ತು. ಕ್ಯಾಸೆಟ್ಟುಗಳನ್ನು ಒಂದೊಂದಾಗಿ ಮತ್ತೆ ಹಾಕಿ ಕೇಳಿದ. ಸೊಸೆ ಊಟಕ್ಕೆ ಕರೆದರೆ ಕೈಯಾಡಿಸಿ ಕಳಿಸುತ್ತಿದ್ದ. ಕೊನೆಗೆ ಅವನ ಕೈ ತಪ್ಪಿಸಿಕೊಂಡ ಒಂದು ಸಿಕ್ಕಿತು.

"ಮೈಕಣ್ಣಾ, ಕೇಳಿಸ್ತಿದ್ಯಾ? ಕೇಳಿಸದಿದ್ರೆ ಕೈ ಎತ್ತು."

"ಕೇಳಿಸದೇ ಇದ್ದೋನು ಹೆಂಗಕ್ಕಾ ಕೈ ಎತ್ತಾನೆ?" ಎಂದು ಯಾರೋ ನಕ್ಕರು. ಅವಳೂ ನಕ್ಕಳು, ನಗು ಕೆಮ್ಮಾಯಿತು. ಆಮೇಲೆ ಚಪ್ಪಲಿ ಕಚ್ಚುತ್ತಿದೆಯೆಂದು ಬೈದುಕೊಂಡಳು, ಯಾರನ್ನೋ ನೀರು ಕೇಳಿದಳು, ಏನನ್ನೋ ಗುನುಗಿದಳು. ಅಷ್ಟೇ ಇದ್ದದ್ದು.

ಆ ಮೂಲೆಗೆ ಮೊದಲು ಏರಿದ್ದು ಅದೊಂದೇ. ಅದನ್ನು ಇಳಿಸಿಕೊಳ್ಳುವ ಕೊಂಡಿಯನ್ನು ಅವಳಿಗಷ್ಟೇ ಕಳಿಸಿದ. ಪೂರ್ತಿ ತಲುಪಿತೆಂದು ಖಾತ್ರಿಯಾದ ಮೇಲೆ, ಅವಳು ಕೇಳಿಕೊಂಡಂತೆ ಅದರ ಹಂಚಿಕೆ ನಿಲ್ಲಿಸಿದ. ಅವಳಿಂದ ಒಂದಕ್ಷರವೂ ಬರಲಿಲ್ಲ. ಹೇಗನಿಸಿತೆಂದು ವಿಚಾರಿಸಬೇಕೆನಿಸಿದರೂ ವಿಚಾರಿಸದೆ, ಸೊಸೆಯ ಜೊತೆ ಕೂತು ಬೇರೆ ನಾಟಕಗಳನ್ನು ಏರಿಸತೊಡಗಿದ.

ಒಂದು ಭಾನುವಾರ ಸೊಸೆ ಪರದೆಯತ್ತ ಬಗ್ಗಿದಳು. "ಮಾವ, ಆ ಚಿಕ್ಕ ಫೈಲನ್ನ ಬೇರೆಯವರಿಗೂ ಕೊಟ್ರಾ?"

"ಛೇ, ಇಲ್ಲಮ್ಮ."

"ಮತ್ತೆ ಪೂರ್ತಿ ಇಟ್ಕೊಂಡೋರು ಇಷ್ಟೊಂದು ಜನ ಆಗಿದ್ದಾರೆ! ನಮ್ಮ ಬಾಕ್ಸಿಂದ ಹೋಗಿರೋದು ಒಂದೇ ಪ್ರತಿ." ಅವಳು ಅಂಕಿಗಳ ಮೇಲೆ ಬೆರಳಾಡಿಸಿದಳು. "ಇಳಿಸ್ಕೊಂಡೋರು ಕೊಂಡಿ ಕೊಟ್ರೆ ಅವರ ಕಂಪ್ಯೂಟರಿಂದಲೇ ಮುಂದಿನವರಿಗೆ ಹೋಗತ್ತೆ. ರಾಣಿಯಕ್ಕನೇ ಕೊಟ್ಟಿರ್ಬೇಕು."

ಮೈಕಣ್ಣ ಕನ್ನಡಕ ಮೇಲೇರಿಸಿದ.

"ನಮ್ಮ ಬಾಕ್ಸಿಂದ್ಲೂ ಹಂಚೋಕೆ ಶುರು ಮಾಡ್ಲಾ? ಬೇಗ ಬೇಗ ಹೋಗತ್ತೆ."

"ಬೇಡ, ಇರ್ಲಿ."

ಸೊಸೆ ಒಗೆದ ಬಟ್ಟೆ ಹರವಲು ಎದ್ದುಹೋದಳು. ಇಳಿಸಿಕೊಳ್ಳುತ್ತಿರುವವರ ಸಾಲಿನಲ್ಲಿ ಒಬ್ಬರಿದ್ದರು. ಅವನು ಕುರ್ಚಿ ಮುಂದಕ್ಕೆಳೆದುಕೊಂಡು ಕೂತ. ತುಸು ಹೊತ್ತಿಗೆ ಆ ಸಾಲು ಖಾಲಿಯಾಯಿತು. ಪಕ್ಕದಲ್ಲಿ, ಪೂರ್ತಿ ಇಟ್ಟುಕೊಂಡವರ ಅಂಕಿಗೆ ಒಂದು ಕೂಡಿತು.