ಒಂದು ಚೀಲ ಬ್ರೆಡ್ಡು, ಒಂದೇ ಹೊತ್ತಿಗೆ

ಮೇವಿಗೆ ತತ್ವಾರವಾಗಿತ್ತು. ಹುಲ್ಲಿನ ಬಣವೆ ದಿನದಿನಕ್ಕೂ ಕುಗ್ಗಿ ಅಜ್ಜಿಯ ಮೊಣಕಾಲಿಗೆ ಬಂದಿತ್ತು. ಕೊಟ್ಟಿಗೆಯಲ್ಲಿ ನೋಡಿದರೆ ಗಬ್ಬದ ಹಸು, ಕೆಂಪಿ. ಇನ್ನೆರಡು ತಿಂಗಳಲ್ಲಿ ಕರು ಹಾಕಬೇಕು. ಅದರ ಪಕ್ಕೆಲುಬು ಎಣಿಸುವಂತೆ ಎದ್ದು ಕಾಣುತ್ತಿತ್ತು.

ಒಂದು ಸಂಜೆ, ಬ್ರೆಡ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಮಗ ಎರಡು ಚೀಲ ಹೊತ್ತು ತಂದ. ಕತ್ತರಿಸಿದ ಅಂಚು, ಸೊಟ್ಟಗಾದ ಬನ್ನು, ಆಕಾರ ಕೆಟ್ಟ ಬ್ರೆಡ್ಡು.

"ಅಮ್ಮಾ, ಇದನ್ನ ಹಸುಗೆ ಹಾಕಬಹುದಂತೆ. ದಿನಾ ಇಷ್ಟಿಷ್ಟೇ..."

"ಹಸು ಸಾಕೋದನ್ನ ನೀನು ನನಗೆ ಹೇಳಿಕೊಡ್ತೀಯೇನೋ? ನಿನ್ನನ್ನೂ ಸಾಕಿದ್ದು ನಾನೇ!"

ಅವನು ಚೀಲಗಳನ್ನು ಅಲ್ಲೇ ಇಟ್ಟು, ಅವತ್ತಿನ ರಾತ್ರಿ ಪಾಳಿಗೂ ಮತ್ತೆ ಫ್ಯಾಕ್ಟರಿಗೆ ಹೋದ.

ಅಜ್ಜಿ ಒಂದು ಚೀಲವನ್ನು ಹಾಗೇ ಹಸುವಿನ ಮುಂದಿನ ಬಾನಿಯೊಳಗೆ ಸುರಿದಳು. ಹುಲ್ಲು ಉಳಿಯಲಿ ಎಂದು ಆ ಸಂಜೆ ಒಂದೆಳೆ ಹುಲ್ಲೂ ಹಾಕಲಿಲ್ಲ. "ತಿನ್ನು ನನ್ನವ್ವ, ನೀನೀಗ ಇಬ್ಬರ ಊಟ ಉಣ್ಣಬೇಕು" ಎಂದು ಬೆನ್ನು ಸವರಿದಳು. ಪ್ರೀತಿ ಅಂದರೆ ಪ್ರೀತಿ, ಅಳತೆ ಮಾತ್ರ ಇಲ್ಲ. ಕೆಂಪಿ ತಲೆಯೆತ್ತದೆ ತಿಂದು ಬಾನಿಯನ್ನೂ ನೆಕ್ಕಿತು.

ಬೆಳಿಗ್ಗೆ ಎದ್ದವಳೇ ಇನ್ನೊಂದು ಚೀಲವನ್ನು ಪಕ್ಕದ ಮನೆಯ ದರ್ಜಿಗೆ ಕೊಟ್ಟಳು. ಅವನ ಬಳಿ ನಾಲ್ಕು ಮೇಕೆಗಳಿದ್ದವು. ಆಮೇಲೆ ಕೊಟ್ಟಿಗೆಯ ಬಾಗಿಲು ತೆರೆದಳು.

"ಅಯ್ಯಯ್ಯೋ! ಬನ್ರೋ ಯಾರಾದ್ರೂ!"

ಕೆಂಪಿ ನೆಲಕ್ಕೆ ಬಿದ್ದಿತ್ತು. ಮೆಲುಕಿಲ್ಲ, ಕಣ್ಣು ಒಳಕ್ಕೆ ಸೇದಿಹೋಗಿದೆ. ನೀರುನೀರಾದ ಸಗಣಿಯಿಂದ ಮೂಗು ಮುಚ್ಚುವಂಥ ಹುಳಿ ವಾಸನೆ. ಸೊಸೆ ಫೋನ್ ಮಾಡಿ ದನದ ಡಾಕ್ಟರಮ್ಮನನ್ನು ಕರೆಸಿದಳು.

"ನಿನ್ನೆ ಏನು ಹಾಕಿದ್ರಿ ಅಜ್ಜಿ?"

"ಬ್ರೆಡ್ಡು."

"ಎಷ್ಟು?"

ಅಜ್ಜಿ ಖಾಲಿ ಚೀಲ ತೋರಿಸಿದಳು. ಹಸುವಿನ ಹೊಟ್ಟೆ ಒತ್ತಿ ನೋಡುತ್ತಿದ್ದ ಡಾಕ್ಟರಮ್ಮನ ಕೈ ನಿಂತೇಹೋಯಿತು.

"ಇಷ್ಟೂ ಒಂದೇ ಸಲಕ್ಕಾ?"

"ನಾವೂ ತಿನ್ನೋದೇ ಅಲ್ವೇನಮ್ಮಾ? ಮನುಷ್ಯರು ತಿನ್ನೋ ಬ್ರೆಡ್ಡು ಹಸುನ ಕೊಲ್ಲುತ್ತಾ?"

"ಕೊಲ್ಲುತ್ತೆ ಅಜ್ಜಿ. ಹಸುವಿನ ಹೊಟ್ಟೆ ಹುಲ್ಲಿಗೆ ಒಗ್ಗಿರೋದು. ಹಿಟ್ಟಿನ ಪದಾರ್ಥ ಒಮ್ಮೆಲೇ ರಾಶಿ ಬಿದ್ರೆ ಒಳಗೆ ಹುಳಿಯಾಗುತ್ತೆ, ಆ ಹುಳಿ ರಕ್ತಕ್ಕೆ ಇಳಿಯುತ್ತೆ. ತಾಯಿನ ಉಳಿಸೋಕೆ ನೋಡ್ತೀನಿ. ಕರು ಮಾತು ಈಗಲೇ ಹೇಳಲಾರೆ. ಚೀಲ ಇದೊಂದೇನಾ?"

ಅಜ್ಜಿ ಬಾಗಿಲ ಕಡೆ ತಿರುಗಿದಳು. "ಅಯ್ಯೋ, ದರ್ಜಿ ಮೇಕೆಗಳು!"

ಆ ವಯಸ್ಸಿನಲ್ಲಿ ಅವಳು ಓಡಿದ್ದನ್ನು ಬೀದಿಯೇ ಬಾಯಿಬಿಟ್ಟು ನೋಡಿತು. ದರ್ಜಿ ಆಗಷ್ಟೇ ಚೀಲದ ದಾರ ಕತ್ತರಿಸುತ್ತಿದ್ದ. ಅಜ್ಜಿ ಹೋದವಳೇ ಚೀಲದ ಮೇಲೆ ಕೂತುಬಿಟ್ಟಳು.

"ಇದೇನಕ್ಕಾ, ಕೊಟ್ಟಿದ್ದನ್ನ ವಾಪಸ್ ಕೇಳ್ತಾರಾ?"

"ಕೇಳ್ತಿಲ್ಲ ಕಣೋ, ಕಿತ್ಕೊಳ್ತಿದ್ದೀನಿ!"

ಡಾಕ್ಟರಮ್ಮ ಕೊಳವೆ ಹಾಕಿ ಹೊಟ್ಟೆ ತೊಳೆದರು, ಮದ್ದು ಕುಡಿಸಿದರು, ಚುಚ್ಚುಮದ್ದು ಕೊಟ್ಟರು. ಅಷ್ಟರಲ್ಲಿ ಮಗ ಬಂದ. ಅಜ್ಜಿ ಅವನ ಮೇಲೆ ಹರಿಹಾಯ್ದಳು. "ಇನ್ನು ಆ ಫ್ಯಾಕ್ಟರಿ ಚೀಲ ಈ ಹೊಸಿಲು ದಾಟಿದ್ರೆ ನೋಡು!"

"ಹಾಗನ್ನಬೇಡಿ ಅಜ್ಜಿ" ಎಂದರು ಡಾಕ್ಟರಮ್ಮ. "ಹುಲ್ಲಿಲ್ಲದ ಕಾಲಕ್ಕೆ ಇದು ಒಳ್ಳೇ ಆಸರೆ. ಆದ್ರೆ ಹೊಟ್ಟೆಗೆ ಅಭ್ಯಾಸ ಮಾಡಿಸಬೇಕು. ಹಸು ಪೂರ್ತಿ ಸುಧಾರಿಸಿದ ಮೇಲೆ ಮೊದಲು ಹುಲ್ಲು, ಆಮೇಲೆ ಬರೀ ಒಂದು ಹಿಡಿ ಬ್ರೆಡ್ಡು. ಎರಡು ಮೂರು ವಾರ ಹಿಡಿದು ನಿಧಾನಕ್ಕೆ ಹೆಚ್ಚಿಸಿ. ಎಲ್ಲಿಗೆ ನಿಲ್ಲಿಸಬೇಕು ಅಂತ ನನ್ನ ಕೇಳಿ. ಬೂಷ್ಟು ಹಿಡಿದಿದ್ರೆ ಮುಟ್ಟಲೇಬೇಡಿ. ಪ್ಲಾಸ್ಟಿಕ್ ಕವರಿನ ಒಂದು ಚೂರೂ ಒಳಗೆ ಹೋಗಬಾರದು."

ಮೂರನೆಯ ದಿನ ಕೆಂಪಿ ಎದ್ದು ನಿಂತು ಮೆಲುಕು ಹಾಕಿತು. ಅಜ್ಜಿ ಅದರ ಕೊರಳು ತಬ್ಬಿ ಅತ್ತಳು. ಐದನೆಯ ದಿನ, ತಿಂಗಳು ತುಂಬುವ ಮೊದಲೇ, ಕಂದು ಹಾಕಿತು. ಸತ್ತ ಕರುವಿಗೂ ತಾಯಿಯದೇ ಕೆಂಪು ಬಣ್ಣ. ಅಜ್ಜಿ ಅವತ್ತು ಬಾಯಿಗೆ ನೀರೂ ಹಾಕಲಿಲ್ಲ.

ತಿಂಗಳು ಕಳೆದ ಮೇಲೆ, ಹುಲ್ಲು ತಿಂದು ಮುಗಿಸಿದ ಕೆಂಪಿಗೆ ಅಜ್ಜಿ ಒಂದು ಹಿಡಿ ಒಣ ಬ್ರೆಡ್ಡು ಹಾಕುತ್ತಿದ್ದಳು. ಅದನ್ನು ಕಂಡು ದರ್ಜಿ ಹೌಹಾರಿದ.

"ಅಷ್ಟೆಲ್ಲ ಆದ ಮೇಲೂ ಬ್ರೆಡ್ಡಾ ಅಕ್ಕಾ?"

"ಕರು ಹೋಗಿದ್ದು ಬ್ರೆಡ್ಡಿಂದಲ್ಲ ಕಣೋ, ನನ್ನ ಕೈಯಿಂದ. ಬಾ, ನಿನ್ನ ಮೇಕೆಗೆ ಎಷ್ಟು ಅಂತ ಡಾಕ್ಟರಮ್ಮನ್ನೇ ಕೇಳೋಣ."

ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಗೂ ಫ್ಯಾಕ್ಟರಿಯಿಂದ ಬ್ರೆಡ್ಡೋ, ಹಿಂಡಿದ ಹಣ್ಣಿನ ಸಿಪ್ಪೆಯೋ, ಹಿಟ್ಟಿನ ತೌಡೋ ಬರಬಹುದು. ಬರಲಿ, ಸಂತೋಷ. ಚೀಲದ ಬಾಯಿ ಬಿಚ್ಚುವ ಮೊದಲು ದನದ ಡಾಕ್ಟರನ್ನು ಒಂದು ಮಾತು ಕೇಳಿ. ಅಜ್ಜಿ ಕೇಳಿರಲಿಲ್ಲ.