ಕಟ್ಟೆಯನ್ನು ಬಲಕ್ಕಿಟ್ಟು

ಒಂದೇ ಹಗಲಿನಲ್ಲಿ ನಾನು ಏಳು ಚಿತ್ರಗಳನ್ನು ಸುಣ್ಣ ಬಳಿದು ಅಳಿಸಿ, ಅದೇ ಗೋಡೆಯ ಮೇಲೆ ಅದೇ ಕತೆಯನ್ನು ಮತ್ತೆ ಬರೆದು ಮುಗಿಸಿದ್ದೆ. ಅನಂತರದ ವರ್ಷಗಳಲ್ಲಿ ದೊಡ್ಡ ದೊಡ್ಡ ಗೋಡೆಗಳು ಸಿಕ್ಕವು, ಸನ್ಮಾನಗಳೂ ಆದವು. ಆದರೂ ನಿಮ್ಮ ಕೈ ಎಂಥದೆಂದು ಯಾರಾದರೂ ಕೇಳಿದರೆ ನಾನು ಎದೆಯೆತ್ತಿ ಹೇಳುವುದು ಆ ಹಗಲಿನ ಮಾತನ್ನೇ. ಅದನ್ನು ನೆನೆದಾಗ ಮೊದಲು ಕಣ್ಣಿಗೆ ಬರುವುದು ಚಿತ್ರಗಳಲ್ಲ, ಹೆಜ್ಜೆಗಳು. ಮಿಂದು ಒದ್ದೆಸೀರೆಯಲ್ಲೇ ಬಂದ ಹೆಂಗಸರು ಅಶ್ವತ್ಥಕಟ್ಟೆಯನ್ನು ಸುತ್ತುವಾಗ ಚಪ್ಪಡಿಕಲ್ಲಿನ ಮೇಲೆ ಮೂಡುತ್ತಿದ್ದ ನೀರಿನ ಹೆಜ್ಜೆಗಳು. ಮುಂದಿನದು ಮೂಡುವಷ್ಟರಲ್ಲಿ ಹಿಂದಿನದು ಆರತೊಡಗುತ್ತಿತ್ತು.

ಆಗ ನಾನು ಚಿತ್ರಕಲಾಶಾಲೆಯ ಮೊದಲ ವರ್ಷದ ವಿದ್ಯಾರ್ಥಿನಿ. ಅಪ್ಪನಿಗೆ ನಮ್ಮೂರಿನಲ್ಲಿ ಹಿತ್ತಾಳೆ ಪಾತ್ರೆಯ ಅಂಗಡಿಯಿತ್ತು. ಮಗಳು ಬಣ್ಣ ಕಲಸುವುದನ್ನು ಕಲಿಯಲು ಪರವೂರಿಗೆ ಹೋಗುತ್ತೇನೆಂದಾಗ ಅವರು ಕೂಗಾಡಲಿಲ್ಲ; ಮೂರು ದಿನ ಮಾತು ಬಿಟ್ಟರು. ನಾಲ್ಕನೆಯ ದಿನ ಒಂದು ಕರಾರು ಹಾಕಿದರು.

"ಒಂದು ವರ್ಷ ಕಲಿ. ಆಮೇಲೆ ನಾನು ಬಂದು ನೋಡ್ತೀನಿ. ನೀನು ಬಾಯಿ ಬಿಡಬಾರದು, ನಿನ್ನ ಚಿತ್ರ ಏನು ಹೇಳ್ತದೋ ಅದನ್ನ ಕೇಳ್ತೀನಿ. ಅದು ನೆಟ್ಟಗೆ ಹೇಳಿದರೆ ಉಳಿದ ವರ್ಷಗಳೂ ಓದು. ಇಲ್ಲದಿದ್ರೆ ನನ್ನ ಜೊತೆ ವಾಪಸ್ಸು."

ಅದು ಅವರ ವ್ಯಾಪಾರದ ರೀತಿಯೇ ಆಗಿತ್ತು. ಅಪ್ಪ ಯಾವ ಗಿರಾಕಿಯ ಮುಂದೆಯೂ ತಮ್ಮ ಸರಕನ್ನು ಹೊಗಳಿದವರಲ್ಲ. ಬಿಂದಿಗೆಯನ್ನು ಅವರ ಕೈಗಿಟ್ಟು ಬೆರಳ ಗೆಣ್ಣಿನಿಂದ ಒಂದು ಸಲ ತಟ್ಟಿ ಸುಮ್ಮನಾಗುತ್ತಿದ್ದರು. ಹೇಳುವುದಿದ್ದರೆ ಬಿಂದಿಗೆಯೇ ಹೇಳಬೇಕು.

ಹೊರಟ ದಿನ ನಾನು ತಗಡಿನ ಪೆಟ್ಟಿಗೆ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದೆ. ಹೋಗಿ ಬರುತ್ತೇನೆಂದೆ. ಅಪ್ಪ ಏನನ್ನೂ ಹೇಳದೆ ಬೆನ್ನು ತಿರುಗಿಸಿ ಒಳಗೆ ಹೋದರು. ಆ ಬೆನ್ನು ವರ್ಷವಿಡೀ ನನ್ನ ಕಣ್ಣಿನಲ್ಲಿ ಒತ್ತುತ್ತಿತ್ತು.

ನಮಗೆ ಪಾಠ ಹೇಳುತ್ತಿದ್ದವರು ಪರಶಿವಯ್ಯ ಮೇಷ್ಟ್ರು. ಚಿತ್ರದಲ್ಲಿ ಕತೆ ಹೇಳುವ ಬಗೆಯನ್ನು ಅವರು ವರ್ಷವೆಲ್ಲ ಕಲಿಸಿದ್ದರು. ನೋಡುವವನ ಕಣ್ಣು ಚಿತ್ರದೊಳಗೆ ಎಲ್ಲಿಂದ ಹೊಗುತ್ತದೆ, ಎಲ್ಲಿ ತಂಗುತ್ತದೆ. ಎರಡು ಚಿತ್ರಗಳ ನಡುವೆ ಬಿಟ್ಟ ಬಯಲು ಎಷ್ಟು ಹೊತ್ತನ್ನು ನುಂಗುತ್ತದೆ. ಹತ್ತು ಜನರ ನಡುವೆಯೂ ಒಬ್ಬಳ ಗುರುತು ಹತ್ತಬೇಕಾದರೆ ಅವಳಿಗೊಂದು ಬಿಡದ ಬಣ್ಣ ಬೇಕು. ವರ್ಷದ ಕೊನೆಗೆ ಪ್ರತಿಯೊಬ್ಬರಿಗೂ ಊರಿನಲ್ಲಿ ಒಂದು ಗೋಡೆ. ಅದರ ಮೇಲೆ ಒಂದಕ್ಷರವೂ ಇಲ್ಲದ ಒಂದು ಕತೆ. ನನ್ನ ಪಾಲಿಗೆ ಬಂದದ್ದು ಕೆರೆಯ ಬಳಿಯ ಅಶ್ವತ್ಥಕಟ್ಟೆಯ ಸುತ್ತಿನ ಎದೆಯೆತ್ತರದ ಗೋಡೆ.

ನಾನು ಬರೆದದ್ದು ನನ್ನ ಕತೆಯನ್ನೇ. ಕೆಂಪು ಲಂಗದ ಹುಡುಗಿ ಪೆಟ್ಟಿಗೆ ಹಿಡಿದು ಮನೆಯ ಮೆಟ್ಟಿಲ ಮೇಲೆ ನಿಂತಿದ್ದಾಳೆ, ಹಿಂದೆ ತಂದೆ ಬೆನ್ನು ತಿರುಗಿಸಿ ಒಳಗೆ ನಡೆಯುತ್ತಿದ್ದಾನೆ. ಆಮೇಲೆ ಪಾತ್ರೆಯಂಗಡಿ, ಹುಣಿಸೆಮರದ ಕೆಳಗೆ ನಿಂತ ಬಸ್ಸು, ಹೊಳೆಯ ಸೇತುವೆ, ಗುರುತಿಲ್ಲದ ಪೇಟೆ, ಶಾಲೆಯ ದೊಡ್ಡ ಬಾಗಿಲು. ಕೊನೆಗೆ ಬೆಳಕು ತುಂಬಿದ ಹಜಾರದಲ್ಲಿ ಕುಂಚ ಹಿಡಿದು ಕುಳಿತ ಅದೇ ಹುಡುಗಿ. ಮೊದಲು ಉದ್ದನೆಯ ಕಾಗದದ ಪಟ್ಟಿಯ ಮೇಲೆ ಬರೆದು ಮೇಷ್ಟ್ರಿಗೆ ತೋರಿಸಿದ್ದೆ. ಅವರು ಎಡದಿಂದ ಬಲಕ್ಕೆ ಒಮ್ಮೆ ಕಣ್ಣಾಡಿಸಿ, "ಬರಿ" ಎಂದಿದ್ದರು. ಮುಖ ಬರೆಯುವುದರಲ್ಲಿ ನನಗೆ ಒಳ್ಳೆಯ ಹೆಸರಿತ್ತಾದ್ದರಿಂದ ಹುಡುಗಿಯನ್ನು ಎಲ್ಲ ಚಿತ್ರಗಳಲ್ಲೂ ನೋಡುವವರ ಕಡೆಗೇ ತಿರುಗಿಸಿದ್ದೆ. ಬರೆದು ಮುಗಿಸಿ ಬಣ್ಣ ಆರುವವರೆಗೆ ಸುತ್ತ ಹಗ್ಗ ಕಟ್ಟಿದ್ದರಿಂದ ಅಷ್ಟು ದಿನ ಯಾರೂ ಕಟ್ಟೆಯನ್ನು ಸುತ್ತಿರಲಿಲ್ಲ.

ಹಗ್ಗ ಬಿಚ್ಚಿದ ಬೆಳಿಗ್ಗೆಯೇ ಅಪ್ಪ ಬಂದರು. ಬಿಳಿಯ ಪಂಚೆ, ಹೆಗಲ ಮೇಲೆ ಶಾಲು. ಮರವನ್ನು ಕಂಡೊಡನೆ ಚಪ್ಪಲಿ ಬಿಟ್ಟು ಕೈಮುಗಿದರು.

"ಇದೇನಮ್ಮ ನಿನ್ನ ಗೋಡೆ?"

ತಲೆಯಾಡಿಸಿದೆ. ಕರಾರು ನೆನಪಿತ್ತು.

ಕಟ್ಟೆಯ ಮೆಟ್ಟಿಲ ಬಲಬದಿಯಿಂದ ನನ್ನ ಕತೆ ಶುರುವಾಗುತ್ತಿತ್ತು. ಅಪ್ಪ ಹೊರಟದ್ದು ಎಡಕ್ಕೆ. ಮರವನ್ನು ಬಲಕ್ಕಿಟ್ಟುಕೊಂಡು, ಹುಟ್ಟಿದಾಗಿನಿಂದ ಎಲ್ಲ ದೇವರನ್ನೂ ಎಲ್ಲ ಮರಗಳನ್ನೂ ಸುತ್ತಿದ ಹಾಗೆ. ಅವರ ಮುಂದೆ ಒದ್ದೆಹೆಜ್ಜೆಗಳ ಸಾಲು; ಎಲ್ಲವೂ ಅತ್ತಲೇ ಹೋಗಿದ್ದವು. ನನ್ನ ಕತೆಯ ಕೊನೆಯ ಚಿತ್ರ ಅವರಿಗೆ ಮೊದಲನೆಯದಾಯಿತು.

"ಓಹೋ, ಇಲ್ಲಿ ಕೂತು ಬರೀತಿದಾಳೆ. ಕೆಂಪು ಲಂಗ. ನೀನೇ ಅಲ್ವೇ ಇದು?" ಎಂದು ನಕ್ಕರು. ಶಾಲೆಯ ಬಾಗಿಲಿನ ಮುಂದೆ ನಿಂತರು. "ಸಾಕಾಯ್ತು, ಹೊರಗೆ ಬಂದ್ಬಿಟ್ಳು." ಪೇಟೆ, ಸೇತುವೆ, ಬಸ್ಸು. ಅವರ ನಡಿಗೆ ಬಿರುಸಾಗುತ್ತ ಹೋಯಿತು. "ಹುಣಿಸೆಮರ ಬಂತು! ಇದು ನಮ್ಮಂಗಡಿ. ಬಿಂದಿಗೆ ಎಲ್ಲಾ ಎಷ್ಟು ಚೆನ್ನಾಗಿ ತೂಗಿಹಾಕಿದೀಯೇ!"

ನಾನು ಓಡಿಹೋಗಿ ಅವರ ಕೈ ಹಿಡಿದು ಹಿಂದಕ್ಕೆ ಎಳೆದೆ. ಮೆಟ್ಟಿಲ ಬಲಬದಿಗೆ ಬೆರಳು ತೋರಿಸಿ, ಅಲ್ಲಿಂದ ಈ ಕಡೆಗೆ ಸುತ್ತಿ ಬರಬೇಕೆಂದು ಕೈಸನ್ನೆ ಮಾಡಿದೆ. ಅಪ್ಪ ಕೈ ಬಿಡಿಸಿಕೊಂಡರು.

"ಅಪ್ರದಕ್ಷಿಣೆ ಹಾಕಬೇಕಾ ನಾನು? ಸಾವಿನ ಮನೇಲಿ ಸುತ್ತೋ ಹಾಗೆ ಸುತ್ತಿಸ್ತೀಯಾ? ಬಿಡ್ತು ಅನ್ನು."

ಹಗ್ಗ ಕಟ್ಟುವ ಮೊದಲು ಪ್ರತಿದಿನ ಅಲ್ಲಿಗೆ ಬರುತ್ತಿದ್ದ ತುಂಗಮ್ಮ ಎಂಬ ಮುದುಕಿ ಸುತ್ತುತ್ತಲೇ ಗೊಣಗಿದಳು: "ಓದಿದ ಹುಡ್ಗೀರ ಹಣೇಬರಹ ಇದು. ಎಡ ಬಲ ಗೊತ್ತಾಗಲ್ಲ."

ಅಪ್ಪ ಕೊನೆಯ ಚಿತ್ರದ ಮುಂದೆ, ಎಂದರೆ ನನ್ನ ಮೊದಲ ಚಿತ್ರದ ಮುಂದೆ, ಬಹಳ ಹೊತ್ತು ನಿಂತರು. ಗೋಡೆಯನ್ನು ಗೆಣ್ಣಿನಿಂದ ಮೆಲ್ಲಗೆ ತಟ್ಟಿದರು.

"ಮನೆ ಬಂತು. ಪೆಟ್ಟಿಗೆ ಹಿಡ್ಕೊಂಡು ಉಸ್ಸಪ್ಪಾ ಅಂತ ತಿರುಗಿ ನಿಂತಿದಾಳೆ. ನೋಡು, ನಾನು ಒಳಗೆ ಓಡ್ತಿದೀನಿ. ನಿಮ್ಮಮ್ಮನ್ನ ಕೂಗೋಕೆ. 'ಲೇ, ಮಗಳು ಬಂದ್ಳು, ಎಲೆ ಹಾಕು' ಅಂತ." ಶಾಲಿನ ಅಂಚಿನಿಂದ ಕಣ್ಣೊರೆಸಿಕೊಂಡರು. "ಎಷ್ಟು ನೆಟ್ಟಗೆ ಹೇಳಿದೀಯೇ ತಾಯಿ. ಸಾಕಾಯ್ತು, ಮನೆಗೆ ಬರ್ತೀನಿ ಅಂತ. ನಾನು ಬೈತೀನಿ ಅಂದ್ಕೊಂಡ್ಯಾ? ನಾಳೆ ಮೊದಲ ಬಸ್ಸಿಗೆ ಹೋಗೋಣ. ಪೆಟ್ಟಿಗೆ ಕಟ್ಕೊ."

ಬಾಯಿ ಬಿಟ್ಟಿದ್ದರೆ ಅರ್ಧ ಗಳಿಗೆಯಲ್ಲಿ ಎಲ್ಲವನ್ನೂ ತಿಳಿಸಬಹುದಿತ್ತು. ಆದರೆ ಗಿರಾಕಿಯ ಕೈಯಲ್ಲಿ ಸೋರುತ್ತಿರುವ ಬಿಂದಿಗೆ ಸೋರುತ್ತಿಲ್ಲವೆಂದು ವಾದಿಸುವ ಅಂಗಡಿಯವನನ್ನು ಅಪ್ಪ ಏನೆನ್ನುತ್ತಿದ್ದರೆಂಬುದು ನನಗೆ ಗೊತ್ತಿತ್ತು. ಒಂದೇ ಮಾತು ಕೇಳಿದೆ.

"ನಾಳೆ ಬಸ್ಸಿಗೆ ಮೊದಲು ಮರ ಸುತ್ತೋಕೆ ಬರ್ತೀರಾ, ಅಪ್ಪ?"

"ಬಿಡ್ತೀನಾ? ಬೆಳಕು ಹರೀತಿದ್ದಂಗೆ ಬರ್ತೀನಿ. ನೀನೂ ಪೆಟ್ಟಿಗೆ ತಗೊಂಡು ಇಲ್ಲಿಗೇ ಬಂದ್ಬಿಡು." ಪೇಟೆಯಲ್ಲಿ ಪಾತ್ರೆಗಳನ್ನು ನೋಡುವುದಿದೆಯೆಂದು ಹೇಳಿ ತಾವು ಇಳಿದುಕೊಂಡಿದ್ದ ಛತ್ರದ ಕಡೆಗೆ ನಡೆದರು.

ನಾನು ಶಾಲೆಗೆ ಓಡಿದೆ. ಪರಶಿವಯ್ಯ ಮೇಷ್ಟ್ರು ಕೇಳಿಸಿಕೊಂಡು ಕಟ್ಟೆಗೆ ಬಂದು, ಚಪ್ಪಲಿ ಬಿಟ್ಟು, ಒಂದು ಸುತ್ತು ಹಾಕಿದರು. ಮರಳಿದಾಗ ಹಣೆ ಚಚ್ಚಿಕೊಂಡರು.

"ನಾನು ಕಾಗದ ನೋಡಿದೆ ಕಣಮ್ಮ, ಗೋಡೆ ನೋಡಲಿಲ್ಲ. ಕಣ್ಣು ಎಲ್ಲಿಂದ ಹೊಗುತ್ತೆ ಅಂತ ವರ್ಷ ಪೂರ್ತಿ ಕೊರೆದೆ. ಆ ಕಣ್ಣಿಗೆ ಕಾಲು ಇರ್ತವೆ ಅನ್ನೋದನ್ನೇ ಮರೆತೆ."

"ಅಳಿಸಿ ಬರೀಬಹುದಾ ಸಾರ್?"

"ನಾನು ಅಂಕ ಹಾಕೋದು ನಾಳೆ. ಅಲ್ಲೀವರೆಗೂ ಗೋಡೆ ನಿಂದು. ಆದರೆ ಕುಂಚ ನೀನೊಬ್ಬಳೇ ಹಿಡೀಬೇಕು." ಗೋಡೆಯತ್ತ ಕೈ ತೋರಿಸಿ ಕೇಳಿದರು, "ಏಳನ್ನೂ ಬರೆಯೋಕಾಗುತ್ತಾ?"

ಆಗುತ್ತದೆಂದೆ. ಆಗುತ್ತದೆಯೋ ಇಲ್ಲವೋ ನನಗೆ ತಿಳಿದಿರಲಿಲ್ಲ.

ನನ್ನ ಕೋಣೆಯ ಗೆಳತಿ ಫಿಲೋಮಿನ ಸುಣ್ಣದ ಬಕೀಟು ಹೊತ್ತು ತಂದಳು. ಹಗ್ಗ ಮತ್ತೆ ಬಿಗಿದೆವು. ಹುಡುಗಿಯ ಮೇಲೆ ಸುಣ್ಣ ಬಿದ್ದಿತು, ಸೇತುವೆಯ ಮೇಲೆ ಬಿದ್ದಿತು. ತಿಂಗಳುಗಟ್ಟಲೆ ಬರೆದದ್ದು ಹೊತ್ತೇರುವುದರೊಳಗೆ ಬೆಳ್ಳಗಾಯಿತು.

"ನಮ್ಮ ಇಗರ್ಜಿಯಲ್ಲಿ ನಾವು ನೆಟ್ಟಗೆ ನಡೆದು ಹೋಗಿ ಮಂಡಿಯೂರ್ತೀವಿ," ಎಂದಳು ಫಿಲೋಮಿನ. "ನಂಗೆ ಗೊತ್ತಿಲ್ಲದಿದ್ದರೆ ಸರಿ. ನೀನು ಹುಟ್ಟಿದಾಗಿಂದ ಗಾಣದೆತ್ತಿನ ಹಾಗೆ ಸುತ್ತಿದೀಯ. ನಿನಗೆ ಹೊಳೀಲಿಲ್ವೇನೇ?"

"ಬಾಯಿ ಮುಚ್ಚಿ ಕೆಂಪು ಅರೆಯೇ."

ಸುಣ್ಣ ಆರಲೊಲ್ಲದು, ಬಿಸಿಲು ನಿಲ್ಲಲೊಲ್ಲದು. ಹಸಿಯಾಗಿದ್ದ ಕಡೆ ಬಣ್ಣ ಹರಡುತ್ತಿತ್ತು, ಆರಿದ ಕಡೆ ಗೋಡೆ ಅದನ್ನು ಒಂದೇ ಗುಟುಕಿಗೆ ಕುಡಿಯುತ್ತಿತ್ತು. ಒಂದು ಚಿತ್ರದ ಮುಂದೆ ಕೂತರೆ ಇನ್ನೊಂದು ಕೈತಪ್ಪಿತೆಂಬ ಕಳವಳ. ಎದ್ದು ಅತ್ತ ಓಡುವುದು, ಅಲ್ಲಿಂದ ಇತ್ತ. ಸುಣ್ಣ ಬೆರಳುಗಳ ಸಂದನ್ನು ತಿಂದು ಉರಿಯೆಬ್ಬಿಸಿತ್ತು. ಕುಂಚಕ್ಕೆ ಬಟ್ಟೆ ಸುತ್ತಿ ಹಿಡಿದೆ. ಹಗ್ಗದಾಚೆ ನಿಂತ ತುಂಗಮ್ಮ ಮಧ್ಯಾಹ್ನದ ಸುತ್ತು ತಪ್ಪಿತೆಂದು ಶಪಿಸಿದಳು. ಆಮೇಲೆ ಮನಸ್ಸು ತಡೆಯದೆ ಹಗ್ಗಕ್ಕೆ ಒಂದು ಗಜ ದೂರದಲ್ಲೇ ಸುತ್ತಲಾರಂಭಿಸಿದಳು. ಆಗಷ್ಟೇ ಕೆರೆಯಲ್ಲಿ ಕಾಲು ತೊಳೆದು ಬಂದಿದ್ದಳು. ಅವಳ ಒದ್ದೆಹೆಜ್ಜೆಗಳನ್ನು ನೋಡುತ್ತಿದ್ದಂತೆ ನನಗೆ ಒಂದು ಸಂಗತಿ ಹೊಳೆಯಿತು. ಹೆಜ್ಜೆಗೆ ಮುಖವಿಲ್ಲ, ಆದರೂ ಅದು ಎತ್ತ ಹೋಯಿತೆಂದು ಮಗುವೂ ಹೇಳಬಲ್ಲದು.

ನಾನು ಹುಡುಗಿಯ ಮುಖವನ್ನು ಬಿಟ್ಟುಬಿಟ್ಟೆ. ಸುತ್ತುವವರು ಹೋಗುವ ದಿಕ್ಕಿಗೇ ಅವಳನ್ನು ತಿರುಗಿಸಿ ಬೆನ್ನನ್ನು ಬರೆದೆ. ಜಡೆ, ಕೆಂಪು ಲಂಗ, ನೆಲ ಬಿಟ್ಟೇಳುತ್ತಿರುವ ಹಿಮ್ಮಡಿ. ನೋಡುವವರು ಈಗ ಅವಳ ಎದುರು ನಿಲ್ಲುವಂತಿರಲಿಲ್ಲ, ಅವಳ ಹಿಂದೆಯೇ ನಡೆಯಬೇಕಾಗಿತ್ತು. ನನ್ನ ಹೆಮ್ಮೆಯ ಮುಖಗಳನ್ನು ಕಳೆದುಕೊಂಡ ಮೇಲೆ ಕೈ ಹಗುರಾಯಿತು. ಬಸ್ಸು ಸೇತುವೆಯನ್ನು ದಾಟಿತು, ಪೇಟೆ ತುಂಬಿತು, ಶಾಲೆಯ ಬಾಗಿಲೊಳಗೆ ಲಂಗದ ಅಂಚು ಮಾತ್ರ ಕಂಡಿತು. ಹೊತ್ತು ಇಳಿಯುವಾಗ ಉಳಿದದ್ದು ಮನೆಯ ಚಿತ್ರವೊಂದೇ. ಮೆಟ್ಟಿಲಿನ ಎಡಬದಿಯಲ್ಲಿ, ಸುತ್ತುವವರಿಗೆ ಮೊದಲು ಸಿಗುವ ಜಾಗ.

ಮನೆ ಬರೆದೆ, ಮೆಟ್ಟಿಲು ಬರೆದೆ, ಹುಡುಗಿಯನ್ನೂ ಬರೆದೆ. ತಂದೆಯನ್ನು ಬರೆಯಲು ಕೈ ಏಳಲಿಲ್ಲ.

ಆ ತಿರುಗಿದ ಬೆನ್ನನ್ನು ನಾನು ಮೊದಲ ಸಲ ಸಿಟ್ಟಿನಿಂದಲೇ ಬರೆದಿದ್ದೆ. ಅಪ್ಪ ನೋಡಲಿ, ನೋಡಿ ನೊಂದುಕೊಳ್ಳಲಿ ಎಂದೇ ಬರೆದಿದ್ದೆ. ಅದರಲ್ಲಿ ಅವರು ಕಂಡದ್ದು ಮಗಳು ಬಂದಳೆಂದು ಒಳಗೆ ಓಡುವ ತಮ್ಮನ್ನು. ಈಗ ಅದೇ ಬೆನ್ನನ್ನು ಕತೆಯ ಆರಂಭದಲ್ಲಿಟ್ಟರೆ ಅವರಿಗೆ ಬೇರೆ ಅರ್ಥವೇ ಹೊಳೆಯದು. ನಾನು ಹೇಳಬೇಕೆಂದಿದ್ದ ಮಾತು ಕಡೆಗೂ ನೆಟ್ಟಗೆ ತಲುಪುತ್ತಿತ್ತು.

"ಬೇಗ ಬರಿಯೇ, ಬೆಳಕು ಹೋಗ್ತಿದೆ," ಎಂದಳು ಫಿಲೋಮಿನ.

ನಾನು ತಂದೆಯನ್ನು ಹೊರಗೆ ಬರೆದೆ. ಹುಡುಗಿಯ ಮಗ್ಗುಲಲ್ಲಿ, ಅವಳು ಹೋಗುವ ಕಡೆಗೇ ಹೊರಟಂತೆ. ಅವಳ ಪೆಟ್ಟಿಗೆಯನ್ನು ಅವನ ತಲೆಯ ಮೇಲಿಟ್ಟೆ.

ಫಿಲೋಮಿನ ಹತ್ತಿರ ಬಂದು ನೋಡಿದಳು. "ಹೀಗಾಗಿರಲಿಲ್ಲ ಅಂತ ನೀನೇ ಹೇಳಿದ್ದೆ."

"ಬೆಳಿಗ್ಗೆ ಅವರಿಗೆ ಕಂಡಿದ್ದೂ ಆಗಿರಲಿಲ್ಲ," ಎಂದೆ.

ಮರುದಿನ ಬೆಳಕು ಹರಿಯುವಾಗ ನಾನು ಪೆಟ್ಟಿಗೆಯೊಡನೆ ಕಟ್ಟೆಯ ಬಳಿ ನಿಂತಿದ್ದೆ. ಎರಡು ಕೈಗಳಿಗೂ ಎಣ್ಣೆ ಸವರಿದ ಬಟ್ಟೆ. ಅಪ್ಪ ಮಿಂದು ಬಂದರು. ಕೈ ನೋಡಿ, "ಏನಾಯ್ತು?" ಎಂದರು. ನಾನು ಗೋಡೆಯ ಕಡೆ ನೋಡಿದೆ.

ಅವರು ಮೊದಲ ಚಿತ್ರದ ಮುಂದೆಯೇ ತಡೆದು ನಿಂತರು.

"ಇದು ನಿನ್ನೆ ಕಂಡಿದ್ದಲ್ಲ," ಎಂದರು. ಇನ್ನೂ ಬಗ್ಗಿ ನೋಡಿದರು. "ಇದು ನಾನಾ?" ತಗ್ಗಿದ ದನಿಯಲ್ಲಿ, "ಪೆಟ್ಟಿಗೆ ನಾನು ಹೊತ್ತಿರಲಿಲ್ಲವಲ್ಲಮ್ಮ," ಎಂದರು.

ನಾನು ಬಾಯಿ ಬಿಡಲಿಲ್ಲ.

ಅಪ್ಪ ಸುತ್ತತೊಡಗಿದರು. ಈ ಸಲ ಮಾತಿಲ್ಲ, ನಗೆಯಿಲ್ಲ. ಅಂಗಡಿಯನ್ನು ದಾಟಿದರು, ಹೊಳೆಯನ್ನು ದಾಟಿದರು. ಶಾಲೆಯ ಬಾಗಿಲಿನ ಮುಂದೆ, ಒಳಗೆ ಮರೆಯಾಗುತ್ತಿದ್ದ ಕೆಂಪು ಅಂಚನ್ನು ಮುಟ್ಟುವಂತೆ ಕೈ ಚಾಚಿ ಹಿಂದಕ್ಕೆ ತೆಗೆದರು. ಕೊನೆಯ ಚಿತ್ರಕ್ಕೆ ಬಂದರು. ಬೆಳಕಿಗೆ ಮುಖಮಾಡಿ ಕುಂಚ ಹಿಡಿದು ಕುಳಿತ ಹುಡುಗಿ. ಅವಳ ಬೆನ್ನು ಮಾತ್ರ ನಮಗೆ. ಅಪ್ಪ ಮತ್ತೊಂದು ಸುತ್ತು ಹಾಕಿದರು, ಮಗದೊಂದು ಹಾಕಿದರು. ಕೆರೆ ಏರಿಯ ಮೇಲೆ ಮೊದಲ ಬಸ್ಸು ಹಾರನ್ ಹೊಡೆಯಿತು.

ಅಪ್ಪ ಹೆಗಲ ಮೇಲಿನ ಶಾಲನ್ನು ತೆಗೆದು ಸುರುಳಿ ಸುತ್ತಿ ಸಿಂಬಿ ಮಾಡಿದರು. ಅದನ್ನು ತಲೆಯ ಮೇಲಿಟ್ಟುಕೊಂಡು ಬಗ್ಗಿ ನನ್ನ ಪೆಟ್ಟಿಗೆಯನ್ನೆತ್ತಿ ಅದರ ಮೇಲೆ ಹೊತ್ತರು. ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಕೂತೇ ಬಾಳಿದ ಅವರು ಯಾರ ಮುಂದೆಯೂ ಹೊರೆ ಹೊತ್ತವರಲ್ಲ.

"ನಿನ್ನ ಹಾಸ್ಟೆಲ್ ಯಾವ ಕಡೆ?" ಎಂದರು.

ಆಗ ಬಾಯಿ ಬಿಟ್ಟೆ. "ಈ ಕಡೆ, ಅಪ್ಪ."

ಅವರು ಮುಂದೆ ನಡೆದರು. ಬಸ್ಸು ಅವರನ್ನು ಬಿಟ್ಟು ಹೊರಟಿತು. ಮಧ್ಯಾಹ್ನದ ಬಸ್ಸಿಗೆ ಒಬ್ಬರೇ ಊರಿಗೆ ಹೋದರು.

ನನ್ನ ತಮ್ಮನ ಮೊಮ್ಮಗಳು ಹಂಸಿನಿ ಈಗ ನಾನು ಕಲಿತ ವಿದ್ಯೆಯನ್ನೇ ಕಲಿಯುತ್ತಿದ್ದಾಳೆ. ನಾಳೆ ಅವಳ ಚಿತ್ರಗಳನ್ನು ನೋಡಲು ಅವಳ ಅಪ್ಪ ಬರುವವನಿದ್ದಾನೆ. ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಇದನ್ನು ಹೇಳಿ ಮುಗಿಸಿದಾಗ ಅವಳು ನನ್ನ ಕುರ್ಚಿಯ ಬಳಿ ನೆಲದ ಮೇಲೆ ಮಂಡಿ ತಬ್ಬಿ ಕುಳಿತಿದ್ದಳು. ಮಣಿಕಟ್ಟಿನಲ್ಲಿ ತೊಳೆಯದ ನೀಲಿ ಬಣ್ಣ.

"ದಾರೀಲಿ ಅವರು ಏನಾದ್ರೂ ಅಂದ್ರಾ ಅಜ್ಜಿ?"

"ಏನೂ ಅನ್ನಲಿಲ್ಲ."

ಅವಳು ನನ್ನ ಕೈಯನ್ನು ತೆಗೆದುಕೊಂಡು ಬೆರಳುಗಳನ್ನು ಬಿಡಿಸಿ, ಸಂದುಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ ಆ ಕೈಯನ್ನು ತನ್ನ ಮಡಿಲಲ್ಲೇ ಇಟ್ಟುಕೊಂಡಳು.

"ಇನ್ನೊಂದ್ಸಲ ಹೇಳಿ," ಎಂದಳು.