ಗೋಡೆಯಿಂದ ನಾಲ್ಕು ಬೆರಳು

ಬಿಳಿ, ಯಾಕಿಷ್ಟು ಬಿಳಿ, ಕಣ್ಣು ಬಿಟ್ಟ ಕೂಡಲೇ ಎದುರಿಗಿರಬೇಕಾದದ್ದು ಆ ಕಂದು ದುಂಡು, ಇಪ್ಪತ್ತೆರಡು ವರ್ಷ ಚಾಪೆಯಿಂದ ತಲೆ ಎತ್ತಿದಾಗಲೆಲ್ಲ ಮೊದಲು ಕಂಡದ್ದು ಅದೇ, ಅಮ್ಮನ ತಲೆಯ ಎಣ್ಣೆ ಗೋಡೆಗೆ ಹತ್ತಿ ಹತ್ತಿ ಆದ ಜಿಡ್ಡು, ಈಗ ಅಲ್ಲಿ ಅಂಗೈ ಅಗಲದ ಬಿಳಿ, ಹಸಿ, ಕಿಟಕಿಯ ಬೆಳಕಿಗೆ ಹೊಳೆಯುವಷ್ಟು ಹಸಿ, ಮತ್ತು ಈ ವಾಸನೆ ಸುಣ್ಣದ್ದಲ್ಲ, ಇದು ನನ್ನ ಡಬ್ಬಿಯದು, ಚಿತ್ರ ಶುರುಮಾಡುವ ಮೊದಲು ಕ್ಯಾನ್ವಾಸಿಗೆ ಬಳಿಯುವ ಬಿಳಿ — ನಾನು ಏಳುವ ಮೊದಲೇ ಎದ್ದು ಬಳಿದಿದ್ದಾಳೆ, ನನ್ನ ಅಗಲದ ಬ್ರಷ್ಷಿನಲ್ಲೇ ಬಳಿದಿದ್ದಾಳೆ, ಆಮೇಲೆ ತೊಳೆದು, ಕೂದಲು ಮೇಲಾಗುವಂತೆ ಲೋಟದಲ್ಲಿ ನಿಲ್ಲಿಸಿದ್ದಾಳೆ, ಹಿಂದೆಂದೋ ನಾನು ಕಿರುಚಾಡಿ ಹೇಳಿಕೊಟ್ಟಿದ್ದೆನಲ್ಲ, ಹಾಗೆಯೇ. ಅಮ್ಮ ಅದರ ಮುಂದೆಯೇ ಕೂತಿದ್ದಾಳೆ, ದಿನಾ ಕೂರುವ ಜಾಗ, ಮಡಿಲಲ್ಲಿ ದರ್ಜಿ ಅಂಗಡಿಯ ಅಂಗಿಗಳು, ತುಟಿಯ ನಡುವೆ ದಾರದ ತುದಿ, ಗುಂಡಿ ಹಾಕುತ್ತಿದ್ದಾಳೆ, ಎದ್ಯಾ, ಟೀ ಮುಚ್ಚಿಟ್ಟಿದೀನಿ ನೋಡು ಅಂದಳು, ಏನೂ ಆಗೇ ಇಲ್ಲವೇನೋ ಅನ್ನುವ ಹಾಗೆ ಅಂದಳು, ನಾನೂ ಏನೂ ಕಾಣದವಳ ಹಾಗೆ ಹೂಂ ಅಂದೆ, ತಾಯಿಗೆ ತಕ್ಕ ಮಗಳು, ಇಬ್ಬರೂ ಸೇರಿ ಒಂದು ನಾಟಕವನ್ನೇ ಆಡಬಹುದು. ಅವಳಲ್ಲಿ ಇನ್ನೇನೋ ಬದಲಾಗಿದೆ, ಕೂತದ್ದರಲ್ಲೋ ಕತ್ತಿನಲ್ಲೋ, ಏನೆಂದು ಗೊತ್ತಾಗುತ್ತಿಲ್ಲ, ದೊಡ್ಡ ಕಣ್ಣಿನವಳಂತೆ ನಾನು, ಎಂಥಾ ಕಣ್ಣಮ್ಮ ನಿಂದು ಅಂತ ನಿನ್ನೆ ನಾಟಕದ ನಿರ್ದೇಶಕರು ಮೈಕಿನಲ್ಲಿ ಅಂದರಲ್ಲ, ಅಯ್ಯೋ ನಿನ್ನೆಯದು ಬೇಡ, ಟೀ ಕುಡಿ, ಟೀ ಆರಿಹೋಗಿದೆ.

ಚಿತ್ರಶಾಲೆಗೆ ಸೇರಿದ ಮೊದಲ ವರ್ಷ ಮೇಷ್ಟ್ರು ಹೇಳಿದ್ದರು, ನಿಮ್ಮನಿಮ್ಮ ಮನೆಯ ಒಂದು ಗೋಡೆ ಬರ್ಕೊಂಡು ಬನ್ನಿ, ನಾನು ಇದೇ ಗೋಡೆ ಬರೆದೆ, ಮೂರು ದಿನ ಕೂತು ಬರೆದೆ, ಬಿರುಕು ಬರೆದೆ, ಮೊಳೆ ಬರೆದೆ, ಮೊಳೆಗೆ ನೇತುಹಾಕಿದ ಅಮ್ಮನ ಚೀಲ ಬರೆದೆ, ಜಿಡ್ಡು ಬಂದಾಗ ಮಾತ್ರ ಕೈ ನಿಂತಿತು, ಪಕ್ಕದ ಹುಡುಗಿ ಅವರ ಮನೆಯ ಪುಸ್ತಕದ ಕಪಾಟು ಬರೆದಿದ್ದಳು, ಅದರ ಪಕ್ಕ ಇದನ್ನು ಹೇಗೆ ಇಡುವುದು, ಅದಕ್ಕೇ ಜಿಡ್ಡು ಇದ್ದಲ್ಲಿ ಒಂದು ಕಿಟಕಿ ಬರೆದುಬಿಟ್ಟೆ, ಪರದೆ ಸಮೇತ. ಮೇಷ್ಟ್ರು ತುಂಬಾ ಹೊತ್ತು ನೋಡಿದರು, ಕಿಟಕಿ ಇದೆ, ಬೆಳಕು ಮಾತ್ರ ಬೇರೆ ಕಡೆಯಿಂದ ಬರ್ತಿದೆಯಲ್ಲಮ್ಮ ಅಂದರು, ಯಾರೋ ನಕ್ಕರು, ಕೈ ಇದೆ ನಿಂಗೆ, ಧೈರ್ಯ ಇಲ್ಲ ಅಂದರು ಮೇಷ್ಟ್ರು. ಆ ಮಾತು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲೇ ಕೂತಿತ್ತು, ಅದಕ್ಕೇ ಇರಬೇಕು, ಈ ನಾಟಕಕ್ಕೆ ಗೋಡೆ ಮಾಡು ಅಂತ ನಿರ್ದೇಶಕರು ಕರೆದಾಗ, ಇದೇ ನನ್ನ ಮೊದಲ ರಂಗಸಜ್ಜಿಕೆ, ಒಬ್ಬ ಹೆಂಗಸು ಇಡೀ ಜೀವನ ಕಳೆದ ಕೋಣೆ ಬೇಕು, ಆದ್ರೆ ಸಾಮಾನೇನೂ ಬೇಡ, ಗೋಡೆಯೇ ಹೇಳ್ಬೇಕು ಅಂದಾಗ, ಥಟ್ಟನೆ ಹೊಳೆಯಿತು, ಜಿಡ್ಡು ಹಾಕ್ತೀನಿ ಸರ್ ಅಂದೆ, ಕೂತು ಕೂತು ತಲೆಯ ಎಣ್ಣೆ ಹತ್ತಿದ ಗುರುತು, ಅವರು ಕುರ್ಚಿಯಿಂದ ಎದ್ದೇಬಿಟ್ಟರು, ಎಲ್ಲಿ ಸಿಕ್ತು ಇದು, ಸುಮ್ನೆ ಹೊಳೀತು ಸರ್ ಅಂದೆ. ಸುಮ್ಮನೆ! ನಾಲಿಗೆಗೆ ಮೂಳೆ ಇಲ್ಲವಲ್ಲ, ಹೇಗೆ ಬೇಕಾದರೂ ಹೊರಳುತ್ತದೆ.

ಬಡಗಿ ಮಾಮ ಅವತ್ತೇ ಹೇಳಿದ್ದ, ಅರ್ಧಿಂಚು ಮಾಮ ಅಂತಲೇ ಎಲ್ಲರೂ ಕರೆಯುವುದು, ಏನು ಅಳತೆ ಕೊಟ್ಟರೂ ಅರ್ಧಿಂಚು ಜಾಸ್ತಿ ಇರಲಿ ಬಿಡು ಅನ್ನುವವನು, ಮರದ ಚೌಕಟ್ಟಿಗೆ ಬಟ್ಟೆ ಬಿಗಿದು ನನ್ನ ಗೋಡೆ ಮಾಡಿಕೊಟ್ಟವನು, ಮಲಗಿಸಿ ಬಳೀಬೇಡ ಮಗಳೇ, ನಿಲ್ಲಿಸಿಕೊಡ್ತೀನಿ, ಒಂದ್ಸಲ ಒರಗಿ ಕೂತ್ಕೊಂಡು ನೋಡು, ಆಮೇಲೆ ಬಳಿ ಅಂದ, ಇದು ನನಗೆ ಹೇಳಿಕೊಡ್ಬೇಕಾ ಮಾಮ, ಹುಟ್ಟಿದಾಗಿಂದ ನೋಡಿದೀನಿ ಅಂತ ಬಾಯಿಯ ತನಕ ಬಂತು, ನುಂಗಿಕೊಂಡೆ, ಟೈಮಿಲ್ಲ ಮಾಮ ಅಂದೆ, ನೆಲದ ಮೇಲೆ ಮಲಗಿದ ಗೋಡೆಗೆ ಬಗ್ಗಿ ಬಗ್ಗಿ ಬಳಿದೆ, ನಡುವೆ ಕಪ್ಪಿಗೆ ತಿರುಗಿದ ಕಂದು, ಅಂಚಿಗೆ ಹಳದಿ, ಮೇಲೆ ಸ್ಪಂಜಿನಿಂದ ವಾರ್ನಿಷ್ ಒತ್ತಿದೆ, ಹೊಳಪು ಬಂತು, ನನ್ನ ಕೈಗೆ ನಾನೇ ಮುತ್ತು ಕೊಡಬೇಕು ಅನ್ನಿಸಿತು, ಹಾಳಾದ ಕೈ. ಗೋಡೆ ನಿಲ್ಲಿಸಿ ನಟಿಯನ್ನು ಕೂರಿಸಿದರೆ ಜಿಡ್ಡು ಅವಳ ತಲೆಗಿಂತ ನಾಲ್ಕು ಬೆರಳು ಮೇಲೆ. ಮಾಮ ಬೆರಳಿಟ್ಟೇ ಅಳೆದ, ಇವತ್ತು ಅರ್ಧಿಂಚಿನ ಮಾತಲ್ಲಮ್ಮ, ಪೂರ್ತಿ ನಾಲ್ಕು ಬೆರಳು ಅಂದ, ಮತ್ತೆ ಬಳಿಯಲು ದಿನ ಇರಲಿಲ್ಲ, ನಿರ್ದೇಶಕರು ನಟಿಗೆ ಒಂದು ಮಣೆ ಕೊಡಿಸಿದರು, ಅಷ್ಟೇ ತಾನೇ, ಸೀರೆ ಮುಚ್ಚತ್ತೆ, ಯಾರಿಗೆ ಗೊತ್ತಾಗತ್ತೆ. ಯಾಕೆ ಮೇಲಾಯಿತು ಅಂತ ಈಗ ತಿಳಿಯುತ್ತಿದೆ, ಈಗ, ಚಾಪೆಯ ಮೇಲೆ ಕೂತಾಗ, ನಾನು ಇದನ್ನು ಯಾವಾಗಲೂ ಮಲಗಿಕೊಂಡೇ ನೋಡಿದ್ದು, ಕೆಳಗಿನಿಂದ ನೋಡಿದರೆ ಎಲ್ಲವೂ ಎತ್ತರ, ಒಂದು ದಿನವಾದರೂ ಅವಳ ಪಕ್ಕ ಕೂತು ಬೆನ್ನು ಆನಿಸಿದ್ದರೆ ಗೊತ್ತಾಗುತ್ತಿತ್ತು, ಕೂರಲಿಲ್ಲ, ನನ್ನ ತಲೆಗೆ ಜಿಡ್ಡು ಹತ್ತೀತು ಅಂತ ಎಂಟನೇ ಕ್ಲಾಸಿನಿಂದ ಆ ಗೋಡೆಯ ಹತ್ತಿರ ಹೋದವಳಲ್ಲ.

ನಿನ್ನೆ ಮಧ್ಯಾಹ್ನದ ಪ್ರದರ್ಶನಕ್ಕೆ ಬಾ ಅಂತ ನಾನೇ ಕರೆದದ್ದು, ಏನು ಗೋಡೆ ಅಂತ ಹೇಳಿರಲಿಲ್ಲ, ನೋಡಿ ಹಿಗ್ಗಲಿ ಅಂದುಕೊಂಡೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಬೀರುವಿನೊಳಗಿನ ಸೀರೆ ಉಟ್ಟು ಬಂದಳು, ಮೂರನೇ ಸಾಲು, ಕೊನೆಯ ಕುರ್ಚಿ, ಚೀಲ ತೊಡೆಯ ಮೇಲೆ ಗಟ್ಟಿಯಾಗಿ ಹಿಡಿದುಕೊಂಡು, ಪರದೆ ಸರಿದು ದೀಪ ಗೋಡೆಗೆ ಬಿದ್ದಾಗ ನಾನು ಪಕ್ಕದ ಮರೆಯಿಂದ ಅವಳನ್ನೇ ನೋಡುತ್ತಿದ್ದೆ, ಅವಳ ಕೈ ತಲೆಯ ಹಿಂದಕ್ಕೆ ಹೋಯಿತು, ತುರುಬಿನ ಕೆಳಗೆ, ಮುಟ್ಟಿ ನೋಡಿಕೊಂಡಳು. ನಾಟಕ ಮುಗಿದ ಮೇಲೆ ಮಾತುಕತೆ, ನಿರ್ದೇಶಕರು ನನ್ನ ಭುಜ ಹಿಡಿದು ಮುಂದಕ್ಕೆ ತಂದರು, ಈ ಕೊಳೆ ನೋಡಿ ಅಂದರು, ಇಡೀ ನಾಟಕ ಈ ಕೊಳೆಯಲ್ಲಿದೆ, ಎಂಥಾ ಕಣ್ಣಮ್ಮ ನಿಂದು, ಚಪ್ಪಾಳೆ, ಯಾರೋ ಕನ್ನಡಕದವರು ಎದ್ದು ಕೇಳಿದರು, ಇದು ನಿಮಗೆಲ್ಲಿ ಸಿಕ್ಕಿದ್ದು ಅಂತ, ಮೈಕು ನನ್ನ ಕೈಯಲ್ಲಿ, ಮೂರನೇ ಸಾಲಿನ ಕೊನೆಯಲ್ಲಿ ಅಮ್ಮ, ಒಂದೇ ಒಂದು ಮಾತು, ನಮ್ಮನೇದು, ಅಷ್ಟು ಅಂದಿದ್ದರೆ ಸಾಕಿತ್ತು — ಹಿಂದೊಮ್ಮೆ ಯಾವುದೋ ತೀರಾ ಬಡವರ ಮನೆಗೆ ಹೋಗಿದ್ದೆ, ಅಲ್ಲಿ ಕಂಡೆ ಅಂದೆ. ಹೋಗಿದ್ದೆನಂತೆ! ನೆಂಟರ ಹಾಗೆ ಹೋಗಿ ಬಂದೆನಂತೆ! ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು, ಭೂಮಿ ಬಾಯಿ ಬಿಡಬಾರದಿತ್ತೇ, ಬಿಡಲಿಲ್ಲ, ಇನ್ನೊಂದು ಚಪ್ಪಾಳೆ ಬಂತು. ತಿರುಗಿ ನೋಡಿದರೆ ಕುರ್ಚಿ ಖಾಲಿ, ಬಸ್ಸಿಗೆ ಹೊತ್ತಾಯಿತೇನೋ ಅಂತ ನನಗೆ ನಾನೇ ಹೇಳಿಕೊಂಡು ನಿರ್ದೇಶಕರ ಜೊತೆ ಟೀ ಕುಡಿದೆ, ಬಿಸ್ಕತ್ತೂ ತಿಂದೆ, ಎರಡು.

ಮನೆಗೆ ಬಂದಾಗ ಅವಳು ಕೇಳಿದ್ದು ಒಂದೇ, ಅಲ್ವೇ, ಆ ಹೆಂಗಸ್ಯಾಕೆ ಮಣೆ ಮೇಲೆ ಕೂತಿದ್ಲು, ದಿನಾ ಕೆಲಸ ಮಾಡೋರು ಮಣೆ ಮೇಲೆ ಕೂರಲ್ಲ, ಕಾಲು ಜೋಮು ಹಿಡಿಯತ್ತೆ. ಸೀರೆ ಮುಚ್ಚಿತ್ತು, ಸಭೆಯಲ್ಲಿ ಯಾರಿಗೂ ಕಾಣಲಿಲ್ಲ, ನಿರ್ದೇಶಕರೇ ಮರೆತಿದ್ದರು, ಅವಳಿಗೆ ಕಂಡಿತು, ಟೇಪು ಹಿಡಿಯದೆ ಆರು ಗುಂಡಿ ಒಂದೇ ಸಾಲಿಗೆ ಕೂರಿಸುವ ಕಣ್ಣು, ನನ್ನದೆಂದು ಮೈಕಿನಲ್ಲಿ ಹೊಗಳಿಸಿಕೊಂಡ ಕಣ್ಣು ಎಲ್ಲಿಂದ ಬಂದದ್ದು ಅಂತ ಯಾರಾದರೂ ಕೇಳಬೇಕಿತ್ತು, ಕೇಳಿದ್ದರೆ ಅದಕ್ಕೂ ಸುಳ್ಳು ಹೇಳುತ್ತಿದ್ದೆ. ಅಳತೆ ತಪ್ಪಾಯ್ತಮ್ಮ ಅಂದೆ, ಹೂಂ, ನಮ್ಮದು ಅಷ್ಟು ಮೇಲಿಲ್ಲ ಅಂದಳು, ನಮ್ಮದು, ಅವಳು ಎಷ್ಟು ಸಲೀಸಾಗಿ ಅಂದಳು, ಆಮೇಲೆ ತಟ್ಟೆ ತೊಳೆಯಲು ಎದ್ದಳು. ಬೈದಿದ್ದರೆ ಆಗುತ್ತಿತ್ತು, ಎರಡು ಬಾರಿಸಿದ್ದರೂ ಆಗುತ್ತಿತ್ತು, ಇವತ್ತು ಮಧ್ಯಾಹ್ನ ಮತ್ತೆ ಪ್ರದರ್ಶನ, ಮತ್ತೆ ಮಾತುಕತೆ, ನಿಜ ಹೇಳಿಬಿಡಲೇ, ಹೇಳಿದರೆ ಅವಳ ತಲೆಯನ್ನು ಎರಡನೇ ಸಲ ಊರಿಗೆಲ್ಲ ತೋರಿಸಿದ ಹಾಗೆ, ಹೇಳದಿದ್ದರೆ ನಿನ್ನೆಯದೇ ಇನ್ನೊಮ್ಮೆ, ಮೊದಲು ಕಿಟಕಿ ಬರೆದು ಮುಚ್ಚಿದೆ, ಆಮೇಲೆ ದೀಪ ಹಾಕಿಸಿ ತೋರಿಸಿದೆ, ಎರಡು ಸಲವೂ ಅವಳನ್ನು ಒಂದು ಮಾತು ಕೇಳಲಿಲ್ಲ.

ಬಿಸಿಲು ಗೋಡೆಗೆ ಬಂದಿದೆ, ಬಿಳಿಯ ಹೊಳಪು ಹೋಗಿದೆ, ಈ ಬಣ್ಣ ಒಣಗಲು ಒಂದು ಗಂಟೆ ಸಾಕು, ನನಗೆ ಗೊತ್ತು, ಎದ್ದು ಹೋಗಿ ಮುಟ್ಟಿದೆ, ಬೆರಳಿಗೇನೂ ಹತ್ತಲಿಲ್ಲ, ಮೊದಲ ಸಲ ಅವಳ ಪಕ್ಕ ಕೂತೆ, ಬೆನ್ನು ಆನಿಸಿದೆ, ಗೋಡೆ ತಣ್ಣಗಿದೆ, ಇಲ್ಲಿಂದ ನೋಡಿದರೆ ನನ್ನ ಚಾಪೆ ಪೂರ್ತಿ ಕಾಣುತ್ತದೆ, ತಲೆಯಿಂದ ಕಾಲಿನವರೆಗೆ, ಇಷ್ಟು ವರ್ಷ ಗುಂಡಿ ಹಾಕುತ್ತಾ ಇವಳು ನೋಡುತ್ತಿದ್ದದ್ದು ಇದನ್ನೇ. ಯಾಕಮ್ಮ ಬಳಿದೆ ಅಂದೆ, ಅಷ್ಟು ಜನ ಕೊಳೆ ಕೊಳೆ ಅಂದ್ರಲ್ಲೇ, ನಂಗೊತ್ತೇ ಇರ್ಲಿಲ್ಲ ನೋಡು, ನನ್ನ ಬೆನ್ನ ಹಿಂದೆ ಇದ್ದದ್ದಲ್ವಾ ಅಂದಳು, ದಾರ ಕಚ್ಚಿದಳು, ನಿನ್ನ ಡಬ್ಬಿ ಜಾಸ್ತಿ ಮುಗಿಸಿಲ್ಲ, ಬೈಬೇಡ. ಒಣಗಿದೆಯಮ್ಮ, ಒರಗಿಕೋ ಅಂದೆ, ಬೇಡ ಬಿಡು, ಮತ್ತೆ ಹತ್ತತ್ತೆ ಅಂದಳು, ಹತ್ತಲಿ ಅಮ್ಮ ಅಂದೆ, ಹತ್ತಲಿ, ನಿನ್ನ ಕಾಲಿಗೆ ಬೀಳ್ತೀನಿ ಒರಗಿಕೋ, ಹುಚ್ಚಿ ಅಂದಳು, ನಕ್ಕಳು, ಸೂಜಿಗೆ ದಾರ ಪೋಣಿಸಿದಳು, ಈಗ ಕಂಡಿತು ಬೆಳಗಿನಿಂದ ಏನು ಬದಲಾಗಿದೆ ಅಂತ, ಅವಳು ನೆಟ್ಟಗೆ ಕೂತಿದ್ದಾಳೆ, ಯಾರದೋ ಮನೆಗೆ ಬಂದವಳ ಹಾಗೆ ನೆಟ್ಟಗೆ, ಗೋಡೆ ಅಲ್ಲಿ, ಬಿಳಿ ಅಲ್ಲಿ, ಅವಳ ತಲೆ ಇಲ್ಲಿ, ನಡುವೆ ಕೈಯಿಟ್ಟು ನೋಡಿದೆ, ನಾಲ್ಕು ಬೆರಳು, ಸರಿಯಾಗಿ ನಾಲ್ಕು ಬೆರಳು, ಅವಳ ತಲೆ, ಬಿಳಿ ಗೋಡೆ, ನಡುವೆ ನನ್ನ ನಾಲ್ಕು ಬೆರಳು —